ಹೊಸ್ತಿಲ ಬೂದಿ

ಸೇತುವೆ ಮುಚ್ಚಿದ ಊರಿನಲ್ಲಿ ಬೆಳಗಾದರೆ ಹೊಸ್ತಿಲಿಗೆ ಬೂದಿ ಹಾಕುತ್ತಾರೆ.

ಬೇರೆ ಊರುಗಳಲ್ಲಿ ಹೊಸ್ತಿಲು ತೊಳೆದು, ಅರಿಶಿನ ಹಚ್ಚಿ, ರಂಗೋಲಿ ಎಳೆಯುತ್ತಾರೆ. ಆ ಊರಿನಲ್ಲೂ ಮೊದಲು ಹಾಗೆಯೇ ಇತ್ತು. ಈಗ ಅಂಗಡಿಯವರು ಬೂದಿಯನ್ನು ಜರಡಿ ಹಿಡಿದು, ಬಾಗಿಲಿನ ಮುಂದೆ ದಾಟಲಾಗದಷ್ಟು ಅಗಲಕ್ಕೆ ಹರವಿ, ಮೊರದ ಅಂಚಿನಿಂದ ಸವರಿ ನುಣುಪು ಮಾಡುತ್ತಾರೆ. ಆಮೇಲೆ ಹಿತ್ತಲಿನಿಂದ ಸುತ್ತಿಕೊಂಡು ಒಳಗೆ ಹೋಗಿ ಕೂರುತ್ತಾರೆ. ಸಂಜೆಯವರೆಗೆ ಆ ಬೂದಿಯ ಮೇಲೆ ಯಾರ ಹೆಜ್ಜೆಯೂ ಬೀಳಬಾರದು.

ಬಿದ್ದರೆ ಪರಿಹಾರವಿಲ್ಲ. ಇದು ಕಟ್ಟಳೆ.

ಹೊಳೆಯ ಆಚೆಗೆ ಸೀಮೆ, ಈಚೆಗೆ ಊರು, ನಡುವೆ ಕಲ್ಲಿನ ಸೇತುವೆ. ಆಚೆಯವರು ದಾಟಿ ಬಂದು ಈಚೆ ಕೊಳ್ಳುತ್ತಿದ್ದರು. ಸೇತುವೆ ಇಳಿದ ಕೂಡಲೇ ಖಾನಾವಳಿ, ಅದರ ಪಕ್ಕ ಕಬ್ಬಿಣದಂಗಡಿ, ಆಮೇಲೆ ಹಗ್ಗದ ಅಂಗಡಿ, ಸುಣ್ಣದ ಅಂಗಡಿ, ಹೀಗೆ ಊರಿಗೆ ಇದ್ದದ್ದೇ ಒಂದು ಬೀದಿ. ಬಂದವರು ಮೊದಲು ಉಣ್ಣುತ್ತಿದ್ದರು, ಆಮೇಲೆ ಕೊಳ್ಳುತ್ತಿದ್ದರು. ಒಂದು ದಿನ ಸೇತುವೆಯ ಕಮಾನಿನ ಕಲ್ಲೊಂದು ಜಾರಿತು. ಸರಕಾರ ದೋಣಿಯಲ್ಲಿ ಬಂದು ನೋಡಿ, ಸೇತುವೆಯ ಎರಡೂ ಬಾಯಿಗೆ ಮುಳ್ಳು ಬಡಿದು ಹೋಯಿತು. ಬೀದಿ ಸುಮ್ಮನಾಯಿತು. ತಕ್ಕಡಿಗಳು ಗಾಳಿಗೆ ತೂಗಿಕೊಂಡವು.

ಸರಕಾರ ಕ್ರೂರಿಯಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸರಕಾರ ಕೊಟ್ಟಿತು. ಜಾರಿದ ಕಲ್ಲನ್ನು ಎತ್ತಿ ಕೂರಿಸಲಿಲ್ಲ, ಜೋಳ ಕೊಟ್ಟಿತು. ದಿನಾ ಸಂಜೆ ಒಬ್ಬ ಮನುಷ್ಯ ಸರಕಾರದ ದೋಣಿ ಇಳಿದು, ಕೈಯಲ್ಲಿ ಕಾಳು ಅಳೆಯುವ ಕೊಳಗ ಹಿಡಿದು, ಹಿಂದೆ ಚೀಲ ಹೊತ್ತ ಆಳುಗಳನ್ನು ಕರೆದುಕೊಂಡು ಬೀದಿಗೆ ಬರುತ್ತಿದ್ದ. ಊರು ಅವನನ್ನು ಕೊಳಗದವನು ಎಂದು ಕರೆಯಿತು. ಅವನು ಎಂದೂ ದನಿ ಎತ್ತಿದವನಲ್ಲ. ಯಾರನ್ನೂ ಏಕವಚನದಲ್ಲಿ ಕರೆದವನಲ್ಲ.

ಬೂದಿಯ ಮಾತು ಹೇಳಿದವನೂ ಅವನೇ. ವ್ಯಾಪಾರ ಹೋದವರಿಗೆ ಮಾತ್ರ ಪರಿಹಾರ, ವ್ಯಾಪಾರ ಹೋಯಿತು ಎಂಬುದು ಕಣ್ಣಿಗೆ ಕಾಣಬೇಕು ಎಂದ. ಹೊಸ್ತಿಲಿನ ಬೂದಿ ನುಣುಪಾಗಿದ್ದರೆ ಯಾರೂ ಬಂದಿಲ್ಲ ಎಂದು ಅರ್ಥ. ಹೆಜ್ಜೆ ಬಿದ್ದಿದ್ದರೆ ಗಿರಾಕಿ ಬಂದಿದ್ದಾನೆ, ಗಿರಾಕಿ ಬಂದಿದ್ದರೆ ನಷ್ಟವಿಲ್ಲ. ಒಂದೇ ಒಂದು ಹೊಸ್ತಿಲಲ್ಲಿ ಹೆಜ್ಜೆ ಕಂಡರೂ ಬೀದಿ ಬದುಕಿದೆ ಎಂದು ಅರ್ಥ, ಆಗ ಬೀದಿಯಲ್ಲಿ ಯಾರಿಗೂ ಜೋಳವಿಲ್ಲ. ಎಲ್ಲವನ್ನೂ ತಾಳ್ಮೆಯಿಂದ ಬಿಡಿಸಿ ಹೇಳಿದ.

ಮೊದಲ ಸಂಜೆ ಯಾರೂ ಸೆರಗು ಒಡ್ಡಲಿಲ್ಲ, ಯಾರೂ ಹೆಗಲ ಮೇಲಿನ ವಲ್ಲಿ ಹಾಸಲಿಲ್ಲ. ತಾವು ತೂಗಿ ಕೊಡುವ ಮಂದಿ, ಒಡ್ಡಿ ತೆಗೆದುಕೊಳ್ಳುವ ಮಂದಿ ಅಲ್ಲ ಎಂದು ಹಗ್ಗದ ಅಂಗಡಿಯವನು ಬೀದಿಗೆ ಕೇಳುವಂತೆ ಹೇಳಿದ. ಕೊಳಗದವನು ತಲೆಯಾಡಿಸಿ ಕಾದ. ಯಾವುದೋ ಮನೆಯಲ್ಲಿ ಮಗು ಅತ್ತಿತು. ಒಬ್ಬಳು ಸೆರಗು ಒಡ್ಡಿದಳು. ಆಮೇಲೆ ಎಲ್ಲರೂ ಒಡ್ಡಿದರು. ಹಗ್ಗದ ಅಂಗಡಿಯವನು ಎಲ್ಲರಿಗಿಂತ ಕೊನೆಗೆ ಒಡ್ಡಿದ, ಎಲ್ಲರಿಗಿಂತ ದೊಡ್ಡ ವಲ್ಲಿಯಲ್ಲಿ.

ಅಂದಿನಿಂದ ಸಂಜೆಯಾದರೆ ಬೀದಿಯಲ್ಲಿ ಒಂದು ಪ್ರಶ್ನೆ, ಒಂದು ಉತ್ತರ. ಕೊಳಗದವನು ಬಾಗಿಲಿಗೊಮ್ಮೆ ನಿಂತು ಬೂದಿ ನೋಡಿ ಕೇಳುತ್ತಾನೆ, ಯಾರಾದರೂ ಬಂದಿದ್ದರೇ? ಬಾಗಿಲಿನವರು ಹೇಳುತ್ತಾರೆ, ಯಾರೂ ಬಂದಿಲ್ಲ. ಕೊಳಗ ತುಂಬುತ್ತದೆ, ಸೆರಗು ಭಾರವಾಗುತ್ತದೆ. ಮುಂದಿನ ಬಾಗಿಲು. ಯಾರಾದರೂ ಬಂದಿದ್ದರೇ? ಯಾರೂ ಬಂದಿಲ್ಲ. ಮುಂದಿನ ಬಾಗಿಲು.

ಮೊದಮೊದಲು ಅದು ನಿಜವೇ ಆಗಿತ್ತು. ಆಚೆಯವರು ಬರುವಂತಿರಲಿಲ್ಲ. ಆದರೆ ಊರಿನಲ್ಲಿ ಊರಿನವರೂ ಇದ್ದರಲ್ಲ. ಅಗಸಗಿತ್ತಿಗೆ ಸೋಡಾ ಬೇಕಾಗಿತ್ತು. ಬಡಿಗನಿಗೆ ಮೊಳೆ ಬೇಕಾಗಿತ್ತು. ಬಾಗಿಲವರೆಗೆ ಬಂದವರಿಗೆ ಅಂಗಡಿಯವರು ಒಳಗಿನಿಂದಲೇ ಕೈ ಮುಗಿದರು. ಇವತ್ತೊಂದು ದಿನ ಬರಬೇಡಿ, ನಾಳೆ ನೋಡೋಣ ಎಂದರು. ನಾಳೆಯೂ ಬೂದಿ ಇತ್ತು. ಮೊಳೆ ಮಾರುವುದಕ್ಕೆಂದೇ ಕೂತವನು ಮೊಳೆ ಕೇಳಲು ಬಂದವನನ್ನು ಕಂಡರೆ ಎದೆ ಹಿಡಿದುಕೊಳ್ಳುವಂತಾಯಿತು. ಊರಿನವರು ಬೀದಿಯ ನಡುಮಧ್ಯೆ ಸಾಲಾಗಿ ನಡೆಯಲು ಕಲಿತರು.

ಕಬ್ಬಿಣದಂಗಡಿಯವನ ಮಗಳು ಎಳೆಗೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಅವನ ಮನೆಯೂ ಅಂಗಡಿಯೂ ಒಂದೇ. ಹಿತ್ತಲಿನಿಂದ ಬಾ ಎಂದ. ಅವಳು ಬಾಗಿಲಲ್ಲಿ ನಿಂತು, ಆರತಿ ಎತ್ತಿ ಒಳಗೆ ಕರೆದುಕೊಳ್ಳಬೇಕಾದ ಕೂಸು ಇದು ಎಂದಳು. ಅವನು ನೆಲ ನೋಡಿದ. ಅವಳು ಹಿತ್ತಲಿನಿಂದ ಬಂದಳು. ಕೂಸು ಅಂಬೆಗಾಲಿಡಲು ಕಲಿತಾಗ ಹೊಸ್ತಿಲಿನ ಕಡೆಗೇ ಹೋಗುತ್ತಿತ್ತು, ಬೆಳಕು ಇದ್ದದ್ದು ಅಲ್ಲೇ. ಅಜ್ಜ ಅದರ ಸೊಂಟಕ್ಕೆ ಮೆತ್ತನೆಯ ಬಟ್ಟೆ ಸುತ್ತಿ ಕಂಬಕ್ಕೆ ಕಟ್ಟಿದ. ಕಟ್ಟುವಾಗ ಅವನು ಕೂಸಿನ ತಲೆ ಸವರಿದ ಎಂದು ಮಗಳು ಆಮೇಲೆ ಹೇಳಿದಳು. ಬಿಚ್ಚಲಿಲ್ಲ ಎಂದೂ ಹೇಳಿದಳು.

ಬೂದಿಗೂ ಬರ ಬಂತು. ಮನೆಯ ಒಲೆಯ ಬೂದಿ ಎಷ್ಟು ದಿನ ಬಂದೀತು? ಎಲ್ಲರೂ ಖಾನಾವಳಿಗೆ ಹೋಗಿ ಬುಟ್ಟಿಯಲ್ಲಿ ಬೂದಿ ತಂದರು. ಖಾನಾವಳಿ ನಡೆಸುತ್ತಿದ್ದವಳು ಗಂಡ ಸತ್ತ ಮೇಲೂ ಒಲೆ ಆರಿಸದ ಹೆಂಗಸು. ಊರು ಅವಳನ್ನು ಖಾನಾವಳಿಯ ಅವ್ವ ಎಂದು ಕರೆಯುತ್ತಿತ್ತು. ಮೊದಲು ಅನ್ನ ಒಯ್ಯುತ್ತಿದ್ದಿರಿ, ಈಗ ಬೂದಿ ಒಯ್ಯುತ್ತೀರಿ, ಎರಡೂ ನನ್ನ ಒಲೆಯದೇ ಎಂದು ಅವಳು ನಕ್ಕು ಕೊಡುತ್ತಿದ್ದಳು. ಉಣ್ಣುವವರಿಲ್ಲದೆ ಅವಳ ಒಲೆಯೂ ಚಿಕ್ಕದಾಯಿತು. ಆಗ ಬೀದಿಯವರು ಬೂದಿಗಾಗಿ ತಮ್ಮ ತಮ್ಮ ಅಂಗಡಿಗಳನ್ನೇ ಸುಡಲು ಹಿಡಿದರು. ಮೊದಲು ಖಾಲಿ ಪೆಟ್ಟಿಗೆ, ಆಮೇಲೆ ಗೂಡಿನ ಹಲಗೆ, ಆಮೇಲೆ ಗಿರಾಕಿಗಳು ಕೂರುತ್ತಿದ್ದ ಬೆಂಚು. ಹಗ್ಗದ ಅಂಗಡಿಯವನು ಹಗ್ಗ ಸುಟ್ಟ. ಹಗ್ಗದ ಬೂದಿಯಷ್ಟು ನುಣುಪು ಯಾವುದೂ ಇಲ್ಲ ಎಂದು ಎಲ್ಲರಿಗೂ ತೋರಿಸಿದ. ನಿಜವಾಗಿಯೂ ನುಣುಪಾಗಿತ್ತು. ಕೊಳಗದವನೂ ಮೆಚ್ಚಿದ.

ಹೀಗಿರುವಾಗ ಕಲ್ಲುಕುಟಿಗರು ಬಂದರು.

ಆಚೆ ದಂಡೆಯ ಹಳ್ಳಿಗಳವರು ಸರಕಾರವನ್ನು ಕಾದು ಕಾದು ಬೇಸತ್ತು, ತಾವೇ ಒಂದಿಷ್ಟು ಕೂಡಿಹಾಕಿ ಅವರನ್ನು ಕಳಿಸಿದ್ದರು. ಅವರು ಹರಿಗೋಲಿನಲ್ಲಿ ಬಂದರು. ಹುಬ್ಬಿನ ಮೇಲೂ ಕಲ್ಲಿನ ಧೂಳು. ಅವರ ಹಿರಿಯ ಸೇತುವೆಯ ಕೆಳಗೆ ಸೊಂಟದವರೆಗೆ ನೀರಿನಲ್ಲಿ ನಿಂತು ಕಮಾನನ್ನು ಅಂಗೈಯಿಂದ ತಟ್ಟಿ ನೋಡಿದ. ದೊಡ್ಡ ಕೆಲಸವಲ್ಲ ಎಂದ. ಕಲ್ಲು ಒಡೆದಿಲ್ಲ, ಜಾರಿದೆ ಅಷ್ಟೇ, ಹಾರೆ ಹಾಕಿ ಎತ್ತಿ ಸುಣ್ಣ ತುಂಬಿದರೆ ಗಾಡಿ ದಾಟುತ್ತದೆ ಎಂದ. ತಮಗೆ ಬೇಕಾದದ್ದನ್ನು ಕೊಳ್ಳಲು ಬೀದಿಗೆ ಬಂದರು.

ಅವರು ಕಬ್ಬಿಣದಂಗಡಿಗೆ ಹೋದರು, ಹಾರೆ ಕೇಳಿದರು. ಕಬ್ಬಿಣದಂಗಡಿಯವನು ಬೂದಿ ತೋರಿಸಿ ಕೈ ಮುಗಿದ. ಅವರು ಹಗ್ಗದ ಅಂಗಡಿಗೆ ಹೋದರು. ಹಗ್ಗದ ಅಂಗಡಿಯವನು ಬೂದಿ ತೋರಿಸಿದ, ಅದೇ ಹಗ್ಗ ಎಂದು ಹೇಳಲಿಲ್ಲ. ಅವರು ಸುಣ್ಣದ ಅಂಗಡಿಗೆ ಹೋದರು. ಸುಣ್ಣದವನು ಬಾಗಿಲು ಹಾಕಿಕೊಂಡ. ಇದೇನು, ಊರಿಗೆ ಊರೇ ಹೆಣ ಸುಟ್ಟು ಬಂದು ಕೂತಂತಿದೆಯಲ್ಲ ಎಂದು ಅವರಲ್ಲೊಬ್ಬ ಚೇಷ್ಟೆ ಮಾಡಿದ. ಬೀದಿಯಲ್ಲಿ ಯಾರೂ ನಗಲಿಲ್ಲ.

ಕೊನೆಗೆ ಅವರು ಖಾನಾವಳಿಯ ಮುಂದೆ ಬಂದು ನಿಂತರು.

"ಅವ್ವಾ, ಊಟ ಐತೇನು?" ಎಂದ ಹಿರಿಯ. "ಹೊಟ್ಟೀಗೆ ಬಿದ್ರ ನಾಳಿಗೇ ಕೆಲಸಕ್ಕ ಕೈ ಹಚ್ಚತೀವಿ. ಹಗ್ಗ ನಾವೇ ಹೊಸೀತೀವಿ, ಸುಣ್ಣ ನಾವೇ ಸುಡ್ತೀವಿ. ಊಟ ಒಂದು ಬೇಕು ನೋಡು."

ಊಟ ಇತ್ತು. ಸರಕಾರದ ಜೋಳದ ರೊಟ್ಟಿ ಬುಟ್ಟಿಯಲ್ಲಿತ್ತು. ಅವಳು ಹಿತ್ತಲಿನ ಕಡೆಗೆ ಕೈ ತೋರಿಸಿ, ಮುಂದೆ ಬೂದಿ ಇದೆ, ಹಿಂದಿನಿಂದ ಬನ್ನಿ ಎಂದಳು.

ಹಿರಿಯನಿಗೆ ಸಿಟ್ಟು ಬರಲಿಲ್ಲ. ಈ ಮಾತು ಅವನಿಗೆ ಹೊಸದಾಗಿರಲಿಲ್ಲ.

"ನಮ್ಮಜ್ಜ ಊರೂರಿನ ಗುಡಿ ಕಟ್ಟಿ, ಮನೀ ಕಟ್ಟಿ, ಹಿತ್ತಲಾಗ ಕುಂತು ಉಂಡ. ನಮ್ಮಪ್ಪನೂ ಉಂಡ. ನಾವು ಅದನ್ನ ಬಿಟ್ಟೀವಿ ಅವ್ವಾ. ಮುಂಬಾಗಲಿಂದ ಕರದ್ರ ಬರ್ತೀವಿ. ಇಲ್ಲಂದ್ರ ಹೊಳ್ಯಾಗ ನೀರೈತಿ, ಕುಡದು ಹೋಗ್ತೀವಿ."

ಅವಳು ಬೂದಿ ನೋಡಿದಳು. ಮುಳ್ಳು ಬಡಿದ ಸೇತುವೆ ನೋಡಿದಳು. ಇವರು ಉಂಡರೆ ಕಲ್ಲು ಏಳುತ್ತದೆ, ಕಲ್ಲು ಎದ್ದರೆ ಸೇತುವೆ ತೆರೆಯುತ್ತದೆ, ಸೇತುವೆ ತೆರೆದರೆ ಬೂದಿ ಬೇಕಾಗುವುದಿಲ್ಲ. ಇಷ್ಟು ಸರಳವಾದದ್ದು ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ, ಹೊಳೆದಿದ್ದರೂ ಯಾರೂ ಬಾಯಿ ಬಿಟ್ಟಿರಲಿಲ್ಲ.

"ಬರ್ರಿ," ಎಂದಳು.

ಅಷ್ಟಕ್ಕೇ ಬಿಟ್ಟಿದ್ದರೆ ಒಣಹೆಜ್ಜೆಗಳನ್ನು ಹೇಗಾದರೂ ಸವರಬಹುದಾಗಿತ್ತು. ಆದರೆ ಬಾಗಿಲಿಗೆ ಬಂದವರಿಗೆ ಕಾಲಿಗೆ ನೀರು ಕೊಡದೆ ಒಳಗೆ ಕರೆದು ಅವಳಿಗೆ ಗೊತ್ತಿರಲಿಲ್ಲ. ಯೋಚನೆ ಮಾಡದೆಯೇ ಒಳಗಿನಿಂದ ತಂಬಿಗೆ ತಂದು ಚಾಚಿದಳು. ಅವರು ಕಾಲು ತೊಳೆದುಕೊಂಡು, ಒದ್ದೆಗಾಲಿನಲ್ಲಿ, ಒಬ್ಬರ ಹಿಂದೆ ಒಬ್ಬರು ಬೂದಿ ತುಳಿದು ಒಳಗೆ ಬಂದರು. ಹೆಜ್ಜೆಗಳು ಹಸಿ ಗಾರೆಯಲ್ಲಿ ಒತ್ತಿದಂತೆ ಮೂಡಿದವು. ಬಿರಿದ ಹಿಮ್ಮಡಿ, ಜಜ್ಜಿದ ಹೆಬ್ಬೆರಳು, ಎಲ್ಲವೂ ಕಾಣುತ್ತಿತ್ತು. ಅವಳು ಎಲೆ ಹಾಕಿದಳು. ಬಹಳ ಕಾಲದ ಮೇಲೆ ಎಲೆ ಹಾಕಿದ್ದರಿಂದ ಮೊದಲನೆಯದನ್ನು ತಿರುಗುಮುರುಗಾಗಿ ಹಾಕಿದಳು. ಹಿರಿಯ ತಾನೇ ತಿರುಗಿಸಿಕೊಂಡ.

ಬೀದಿ ಇದನ್ನೆಲ್ಲ ನೋಡುತ್ತಿತ್ತು. ಕೊಳಗದವನ ದೋಣಿ ಆಗಲೇ ಹೊಳೆಯ ನಡುವೆ ಇತ್ತು.

ಮೊದಲು ಕಬ್ಬಿಣದಂಗಡಿಯವನು ಕಸಬರಿಗೆ ಹಿಡಿದು ಓಡಿಬಂದ. ಒದ್ದೆ ಬೂದಿ ಸವರಿದರೆ ಅಂಟಿತು, ಗುಡಿಸಿದರೆ ಮುದ್ದೆಯಾಯಿತು. ಹಗ್ಗದ ಅಂಗಡಿಯವನು ಸಲಿಕೆ ತಂದು ಹೆಜ್ಜೆಗಳನ್ನು ಕೆತ್ತಿ ತೆಗೆದ. ಆಮೇಲೆ ಒಬ್ಬೊಬ್ಬರೂ ತಮ್ಮ ಹೊಸ್ತಿಲಿನ ಬೂದಿಯ ಅಂಚಿನಿಂದ ಒಂದೊಂದು ಬೊಗಸೆ ತಂದು ಸುರಿದರು, ಮೊಣಕಾಲೂರಿ ಸವರಿದರು. ಬೇರೆ ಯಾವ ಕೆಲಸಕ್ಕೂ ಆ ಬೀದಿ ಹಾಗೆ ಒಟ್ಟಾಗಿ ಬಂದದ್ದು ಯಾರಿಗೂ ನೆನಪಿಲ್ಲ. ಅದರ ಅರ್ಧದಷ್ಟು ಕೈಗಳು ಸಾಕಾಗುತ್ತಿದ್ದವು ಜಾರಿದ ಕಲ್ಲನ್ನು ಎತ್ತಲು.

ಕಬ್ಬಿಣದಂಗಡಿಯವನು ಸವರುತ್ತಲೇ, ತಲೆ ಎತ್ತದೆ, ಬಾಗಿಲಲ್ಲಿ ನಿಂತ ಅವಳೊಂದಿಗೆ ಪಿಸುಗುಟ್ಟಿದ. ಸೇತುವೆ ಆದರೆ ಆಯಿತು, ಆಗದಿದ್ದರೆ? ಕಲ್ಲು ಏಳುವವರೆಗೆ ಬೀದಿ ಏನು ತಿನ್ನಬೇಕು? ಅವರನ್ನು ಉಪವಾಸ ಕಳಿಸು ಎಂದು ತಾನು ಹೇಳುತ್ತಿಲ್ಲ, ಅವರು ಉಣ್ಣಲಿ, ಕೊಳಗದವನು ಕೇಳಿದಾಗ ದಿನಾ ಹೇಳುವುದನ್ನೇ ಹೇಳಿದರೆ ಸಾಕು. ಒಂದು ಮಾತು, ಅಷ್ಟೇ.

"ಮನ್ಯಾಗ ಕೂಸೈತಿ ಅವ್ವಾ," ಎಂದ. ಅದು ಸುಳ್ಳಾಗಿರಲಿಲ್ಲ.

ಕೊಳಗದವನು ಬಂದ. ಎಲ್ಲರೂ ತಮ್ಮ ತಮ್ಮ ಬಾಗಿಲುಗಳಿಗೆ ಸರಿದಿದ್ದರು. ಅವನು ಬೂದಿಯನ್ನು ನೋಡಿದ. ಹಲವು ಮನೆಗಳ ಬೂದಿ ಅದು, ಕಪ್ಪು, ಬಿಳಿ, ಬೂದು ಪಟ್ಟೆಪಟ್ಟೆಯಾಗಿತ್ತು. ಆದರೆ ನುಣುಪಾಗಿತ್ತು. ಒಳಗೆ ಯಾರೋ ಗುದ್ದಿ ಉಳ್ಳಾಗಡ್ಡಿ ಒಡೆದ ಸದ್ದು ಕೇಳಿತು. ರೊಟ್ಟಿ ಮುರಿದ ಸದ್ದು ಕೇಳಿತು. ಅವನು ಕೇಳಿಸಿಕೊಂಡ. ಅವನು ಕೇಳಿಸಿಕೊಂಡದ್ದನ್ನು ಅವಳೂ ಕಂಡಳು.

"ಯಾರಾದರೂ ಬಂದಿದ್ದರೇ?" ಎಂದ.

ಅವಳು ಬೀದಿಯ ಕಡೆ ನೋಡಿದಳು. ಬೀದಿಯ ಪ್ರತಿ ಬಾಗಿಲಲ್ಲೂ ಒಂದೊಂದು ಮುಖ ಇತ್ತು.

"ನಾನು ಒಳಗೆ ಇಣುಕುವುದಿಲ್ಲ ತಾಯಿ," ಎಂದ ಕೊಳಗದವನು ಮೆಲ್ಲಗೆ. "ನೀವು ಹೇಳಿದ್ದನ್ನು ಕೇಳಿಕೊಂಡು ಹೋಗುತ್ತೇನೆ. ನನಗೆ ಅಷ್ಟೇ ಬೇಕು."

ಅವಳನ್ನು ಬೈದಿದ್ದರೆ, ಹೆದರಿಸಿದ್ದರೆ, ಬಾಗಿಲು ತಳ್ಳಿ ಒಳಗೆ ನುಗ್ಗಿದ್ದರೆ ಅವಳು ಬೇರೆ ಏನಾದರೂ ಹೇಳುತ್ತಿದ್ದಳೋ ಏನೋ. ಅವನು ಮರ್ಯಾದೆಯಿಂದ ಕಾದ.

"ಯಾರೂ ಬಂದಿಲ್ರಿ."

"ಒಳಗೆ?"

"ಯಾರೂ ಇಲ್ರಿ."

ಒಳಗೆ ರೊಟ್ಟಿ ಮುರಿಯುವ ಸದ್ದು ನಿಂತಿತು.

ಅವಳು ಸೆರಗು ಒಡ್ಡಿದಳು. ಜೋಳ ಸುರಿಯಿತು. ಅಷ್ಟು ಸದ್ದು ಮಾಡಿಕೊಂಡು ಜೋಳ ಎಂದೂ ಸುರಿದಿರಲಿಲ್ಲ. ಕೊಳಗದವನು ತಲೆ ಬಾಗಿಸಿ ಮುಂದಿನ ಬಾಗಿಲಿಗೆ ಹೋದ. ಯಾರಾದರೂ ಬಂದಿದ್ದರೇ? ಯಾರೂ ಬಂದಿಲ್ಲ.

ಅವಳು ಒಳಗೆ ತಿರುಗಿದಾಗ ಅವರು ಎದ್ದು ನಿಂತಿದ್ದರು. ಎಲೆಯ ಮೇಲೆ ಅರ್ಧ ರೊಟ್ಟಿಗಳಿದ್ದವು. ಒಬ್ಬನ ಬಾಯಲ್ಲಿ ತುತ್ತು ಇತ್ತು, ಅವನು ಅದನ್ನು ನುಂಗಬೇಕೋ ಉಗುಳಬೇಕೋ ತಿಳಿಯದೆ ನಿಂತಿದ್ದ. ಕೂರಿ, ಉಣ್ಣುವಾಗ ಏಳಬಾರದು, ಅವನು ಹೋದ ಎಂದು ಅವಳು ಹೇಳಿದಳು. ಇನ್ನೂ ಏನೇನೋ ಹೇಳಿದಳು. ಸೆರಗಿನಲ್ಲಿ ಜೋಳ ಹಿಡಿದುಕೊಂಡೇ ಹೇಳಿದಳು, ಆದ್ದರಿಂದ ಕೈ ಹಿಡಿದು ಕೂರಿಸಲಾಗಲಿಲ್ಲ.

ಹಿರಿಯ ಕೈ ತೊಳೆದುಕೊಂಡ. ಮುಂಬಾಗಿಲಿನ ಕಡೆಗೆ ಎರಡು ಹೆಜ್ಜೆ ಇಟ್ಟವನು ಬೂದಿ ನೋಡಿ ನಿಂತ. ಅವನು ತುಳಿದರೆ ಬೀದಿಯ ಸೆರಗುಗಳೆಲ್ಲ ಖಾಲಿಯಾಗುತ್ತಿದ್ದವು. ಬಾಗಿಲಲ್ಲಿ ಸವರಿದ್ದನ್ನು ಕಂಡು, ಆಡಿದ್ದನ್ನು ಕೇಳಿದ್ದ ಅವನಿಗೆ ಅದು ತಿಳಿದಿತ್ತು.

"ಇರಲಿ ಬಿಡವ್ವಾ," ಎಂದ. "ಯಾರೂ ಇಲ್ಲ ಅಂದಿ. ಇಲ್ಲದವರು ಮುಂಬಾಗಲಿಂದ ಹೆಂಗ ಹೋಗೋದು?"

ಅವನು ಹಿತ್ತಲಿನ ಬಾಗಿಲು ತೆರೆದು, ತಲೆ ತಗ್ಗಿಸಿ, ಹೊರಗೆ ಹೋದ. ಉಳಿದವರು ಅವನ ಹಿಂದೆ ಹೋದರು. ತಮ್ಮ ಅಪ್ಪಂದಿರು ಉಂಡ ಜಾಗವನ್ನು ದಾಟಿಕೊಂಡು ಹೋಗುವವರಂತೆ, ಆಚೀಚೆ ನೋಡದೆ ಹೋದರು.

ಅವಳು ನಿಂತಿದ್ದಳು. ಎಲೆಗಳು ಹಾಗೆಯೇ ಇದ್ದವು. ಆಮೇಲೆ ಸೆರಗು ಬಿಟ್ಟಳು. ಜೋಳ ನೆಲದ ತುಂಬ ಚೆಲ್ಲಿತು. ಬುಟ್ಟಿಯಲ್ಲಿ ಉಳಿದಿದ್ದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡಳು. ಹಿತ್ತಲಿನ ದಾರಿ ಬೇಲಿ ಬಳಸಿ ಹೋಗುತ್ತದೆ, ಮುಂಬಾಗಿಲಿನಿಂದ ಹೊಳೆ ನೇರ. ಅವಳು ಮುಂಬಾಗಿಲಿನಿಂದ ಹೊರಟಳು. ಬೂದಿಯ ಮೇಲೆ ಕಾಲಿಟ್ಟಳು, ಏನೂ ಆಗಲಿಲ್ಲ. ಅವಳು ಓಡಿದಳು. ಅವಳ ಹಿಂದೆ ಬೀದಿಯ ಮಣ್ಣಿನ ಮೇಲೆ ಬೂದಿಯ ಬಿಳಿ ಹೆಜ್ಜೆಗಳು ಬಿದ್ದವು.

ಹರಿಗೋಲು ದಂಡೆ ಬಿಟ್ಟಿತ್ತು. ಅವಳು ನೀರಿನಲ್ಲಿ ಮೊಣಕಾಲವರೆಗೆ ಇಳಿದು, ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂಗಿದಳು.

"ಉಂಡು ಹೋಗ್ರಪ್ಪಾ."

ಹಿರಿಯ ತಿರುಗಿ ನೋಡಿದ. ಎರಡೂ ಕೈ ಎತ್ತಿ ಮುಗಿದ. ಬೈದಿದ್ದರೆ ಅವಳು ತಡೆದುಕೊಳ್ಳಬಹುದಿತ್ತು. ಹರಿಗೋಲು ಒಂದು ಸುತ್ತು ಸುತ್ತಿತು, ಅವನ ಬೆನ್ನು ಕಂಡಿತು, ಆಮೇಲೆ ಸೇತುವೆಯ ನೆರಳಿನೊಳಗೆ ಹೋಯಿತು.

ಹರಿಗೋಲು ಕಾಣದಾದ ಮೇಲೆ ಅವಳು ದಂಡೆ ಹತ್ತಿ ಬಂದಳು. ದಾರಿಯಲ್ಲಿ ಅವಳ ಬಿಳಿ ಹೆಜ್ಜೆಗಳು ಇರಲಿಲ್ಲ. ಯಾರೋ ಒಂದೊಂದನ್ನೂ ಗುಡಿಸಿ, ಮೇಲೆ ಮಣ್ಣು ಎಳೆದಿದ್ದರು. ಅವಳ ಹೊಸ್ತಿಲಿನ ಮುಂದೆ ಬೂದಿ ಮತ್ತೆ ನುಣುಪಾಗಿತ್ತು. ಅವಳು ಮನೆಯಿಂದ ಹೊರಗೆ ಬಂದೇ ಇರಲಿಲ್ಲ ಎನ್ನುವಂತೆ ಇತ್ತು.

ಕಬ್ಬಿಣದಂಗಡಿಯವನು ಕಸಬರಿಗೆ ಹಿಡಿದು ನಿಂತಿದ್ದ. ಅವನ ಪಕ್ಕ ಹಗ್ಗದ ಅಂಗಡಿಯವನು, ಅವನ ಪಕ್ಕ ಸುಣ್ಣದವನು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಅವಳನ್ನು ನೋಡಲಾಗದೆ ಎಲ್ಲರೂ ಅವಳ ಒದ್ದೆ ಕಾಲುಗಳನ್ನು ನೋಡುತ್ತಿದ್ದರು. ಬೀದಿಯ ಆ ತುದಿಯಲ್ಲಿ ಕೊಳಗದವನು ಕೊನೆಯ ಬಾಗಿಲು ಮುಗಿಸಿ ದೋಣಿಯ ಕಡೆಗೆ ತಿರುಗಿದ್ದ. ಇನ್ನು ಇದೇ ದಾರಿಯಲ್ಲಿ ಬರುತ್ತಾನೆ.

ಅವಳು ತನ್ನ ಬಾಗಿಲು ನೋಡಿದಳು. ಮದುಮಗಳಾಗಿ ಗಂಡನ ಕೈಹಿಡಿದು ಅಕ್ಕಿಯ ಸೇರೊದ್ದು ಒಳಗೆ ಬಂದ ಬಾಗಿಲು. ಒಳಗೆ ದೀಪವಿಲ್ಲದ ಕತ್ತಲಲ್ಲಿ ಎಲೆಗಳ ಸಾಲು ಮಸುಕಾಗಿ ಕಾಣುತ್ತಿತ್ತು. ಒಂದು ಹೆಜ್ಜೆ ಎತ್ತಿ ಇಟ್ಟರೆ ಸಾಕು.

"ಹಿತ್ತಲಕಡಿಂದ ಬಾರವ್ವಾ," ಎಂದ ಕಬ್ಬಿಣದಂಗಡಿಯವನು. ಬಹಳ ಪ್ರೀತಿಯಿಂದ ಹೇಳಿದ, ಸ್ವಂತ ತಂಗಿಗೆ ಹೇಳುವಂತೆ.

ರೊಟ್ಟಿಯ ಗಂಟು ಅವಳ ಕೈಯಲ್ಲಿ ಇನ್ನೂ ಬೆಚ್ಚಗಿತ್ತು. ಅವಳು ಅದನ್ನು ಎದೆಗೆ ಅವುಚಿಕೊಂಡು, ಗೋಡೆಯ ಪಕ್ಕ ಸರಿದು, ಹಿತ್ತಲಿಗೆ ಹೋದಳು.